ಕರೆಂಟಿನ ಇಪ್ಪತ್ತು ನಿಮಿಷದಲ್ಲಿ ಏನು ಮಾಡಬೇಕು? ನನ್ನ ಅನುಭವ

ನಾನು ಶಿರಸಿಯಲ್ಲಿ ಸ್ಪೀಚ್ ಥೆರಪಿ ಮಾಡುತ್ತೇನೆ. ಲಕ್ವ ಹೊಡೆದು ಮಾತು ನಿಂತವರ ಮನೆಯವರು ಈಗೀಗ ಬಂದ ಕೂಡಲೇ ಕೇಳುತ್ತಾರೆ: 'ತಲೆಗೆ ಕರೆಂಟ್ ಕೊಟ್ಟರೆ ಮಾತು ಬರ್ತದಂತೆ, ಹೌದಾ?' ಬರೀ ಕರೆಂಟಿನಿಂದ ಬರುವುದಿಲ್ಲ. ಅದು ಹರಿಯುವ ಹೊತ್ತಿನಲ್ಲೇ ಮಾತಿನ ಅಭ್ಯಾಸವೂ ನಡೆಯಬೇಕು.

ತಲೆಯ ಹೊರಗಿನಿಂದ ಮಿದುಳಿಗೆ ಸಣ್ಣ ಕರೆಂಟ್ ಹರಿಸುವ ಇದರ ಹೆಸರು ಟಿಡಿಸಿಎಸ್. ಬ್ಯಾಟರಿಯ ಸಣ್ಣ ಯಂತ್ರ, 1ರಿಂದ 2 ಮಿಲಿಆಂಪಿಯರ್, ಒಮ್ಮೆಗೆ 20 ನಿಮಿಷ. ಮಾನಸಿಕ ಕಾಯಿಲೆಗೆ ಕೊಡುವ ಶಾಕ್ ಇದಲ್ಲ. ಎಚ್ಚರವಾಗಿಯೇ ಕೂತಿರುತ್ತಾರೆ, ಚರ್ಮ ಸ್ವಲ್ಪ ಜುಮ್ಮೆನ್ನುತ್ತದೆ, ತುರಿಸುತ್ತದೆ. ಮಿದುಳಿನ ಕೋಶಗಳು ಕೆಲಸಕ್ಕೆ ಏಳುವುದು ಇದರಿಂದ ತುಸು ಸುಲಭವಾಗುತ್ತದೆ, ಅಷ್ಟೇ. ಕೆಲಸ ನಾವು ಕೊಡಬೇಕು.

ಸಿದ್ದಾಪುರ ಕಡೆಯ ಅಡಿಕೆ ತೋಟದ ಹೆಗಡೇರಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ವಸ್ತುವಿನ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಫಿಟ್ಸ್, ಪೇಸ್‌ಮೇಕರ್, ತಲೆಬುರುಡೆಯಲ್ಲಿ ಲೋಹ ಯಾವುದೂ ಇಲ್ಲ ಎಂದು ನರರೋಗ ವೈದ್ಯರು ನೋಡಿ ಒಪ್ಪಿದರು. ಆದರೂ ಯಂತ್ರ ಕರೆಂಟ್ ಹರಿಸಲಿಲ್ಲ. ಕಾರಣ ಕೊಬ್ಬರಿ ಎಣ್ಣೆ! 'ಹೊರಗೆ ಹೊರಡುವಾಗ ಎಣ್ಣೆ ಹಾಕದೆ ಕಳಿಸೋದು ಹೆಂಗೆ?' ಅಂದರು ಮನೆಯವರು. ಮರುದಿನದಿಂದ ತಲೆ ತೊಳೆಸಿಯೇ ಕರೆತಂದರು. ಕೂದಲು ಸೀಳಿ, ಉಪ್ಪುನೀರಿನಲ್ಲಿ ನೆನೆದ ಸ್ಪಂಜನ್ನು ಎಡ ಹಣೆಯ ಪಕ್ಕಕ್ಕೂ ಬಲಗಣ್ಣಿನ ಮೇಲಕ್ಕೂ ಕಟ್ಟಿದೆ.

ಕರೆಂಟ್ ಹರಿಯುವಷ್ಟು ಹೊತ್ತೂ ಚಿತ್ರ ತೋರಿಸಿ ಹೆಸರು ಕೇಳುವುದೇ ಅಭ್ಯಾಸ. ಸೇಬು, ರೈಲು ಇರುವ ಅಚ್ಚಿನ ಚಿತ್ರಗಳನ್ನು ಬದಿಗಿಟ್ಟೆ. ಸೊಸೆ ಮೊಬೈಲಿನಲ್ಲಿ ಮನೆಯದ್ದನ್ನೇ ತೆಗೆದು ತಂದರು: ದೋಟಿ, ಅಡಿಕೆ ಹಾಳೆ, ಮೆಟ್ಟುಗತ್ತಿ, ಕವಳದ (ಎಲೆ ಅಡಿಕೆಯ) ತಬಕು. ಹೆಸರು ಬಾರದಿದ್ದರೆ ಮೊದಲ ಅಕ್ಷರ ಹೇಳಿಕೊಡುತ್ತಿದ್ದೆ. ತಬಕಿನ ಚಿತ್ರಕ್ಕೆ ತಡವರಿಸಿ 'ಕವಳ' ಅಂದಾಗ ಸೊಸೆ ಅತ್ತೇಬಿಟ್ಟರು. ನನಗೂ ಗಂಟಲು ಕಟ್ಟಿತು.

ಅಭ್ಯಾಸ ಮಾಡಿದ ಹೆಸರುಗಳು ಜಾಸ್ತಿ ಬಂದವು, ಮಾಡದವು ಕಡಿಮೆ. ಅದರಲ್ಲಿ ಕರೆಂಟಿನ ಪಾಲೆಷ್ಟು ಎಂದು ಒಬ್ಬರನ್ನು ನೋಡಿ ಹೇಳಲಾಗದು. 2018ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 74 ಜನರಿದ್ದರು. ಎಲ್ಲರಿಗೂ ಮಾತಿನ ಅಭ್ಯಾಸ ಇತ್ತು. ಒಂದು ಗುಂಪಿಗೆ ನಿಜವಾದ ಕರೆಂಟ್, ಇನ್ನೊಂದಕ್ಕೆ ತೋರಿಕೆಯದು. ಹೆಸರು ಹೇಳುವುದರಲ್ಲಿ ಮೊದಲ ಗುಂಪು ಮುಂದಿತ್ತು. ಆದರೂ ದೊಡ್ಡ ಪರೀಕ್ಷೆ ಇನ್ನೂ ಬೇಕು ಎಂದೇ ತೀರ್ಮಾನವಾಯಿತು. ಹಾಗಾಗಿ ಖರ್ಚು ಮಾಡಿಸುವ ಮೊದಲೇ ನಾನು ಇದನ್ನು ಮನೆಯವರಿಗೆ ಹೇಳುತ್ತೇನೆ.

ಆನ್‌ಲೈನಿನಲ್ಲಿ ಯಂತ್ರ ತರಿಸಿ ಮನೆಯಲ್ಲೇ ಹಚ್ಚುವುದು ದಯವಿಟ್ಟು ಬೇಡ. ಸ್ಪಂಜು ಒಣಗಿದರೆ ಚರ್ಮ ಸುಡಬಹುದು. ಎಲ್ಲಿ ಕಟ್ಟಬೇಕು ಎನ್ನುವುದನ್ನು ಸ್ಕ್ಯಾನ್ ನೋಡಿಯೇ ನಿರ್ಧರಿಸಬೇಕು. ಚಿತ್ರ ಹಿಡಿದು ಹೆಸರು ಕೇಳುವ ಅಭ್ಯಾಸವನ್ನು ಮಾತ್ರ ಇವತ್ತೇ ಶುರು ಮಾಡಬಹುದು. ಅದಕ್ಕೆ ಯಂತ್ರ ಬೇಡ.