ನಾಲ್ಕು ಜನ, ಒಂದು ಚೌಕಾಬಾರ: ಕಾಲೇಜು ಪ್ರಾಜೆಕ್ಟ್‌ಗೆ ಗೇಮ್ ಮಾಡುವುದು ಹೇಗೆ

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಗೇಮ್ ಮಾಡುತ್ತೇವೆ ಎಂದು ಜೂನಿಯರ್‌ಗಳು ಬಂದರೆ ನಾನು ಮೊದಲು ಕೇಳುವುದು, "ಸೀಮೆಸುಣ್ಣ ಇದೆಯಾ?" ಎಂದು. ಹಾಸನದಲ್ಲಿ ಓದುವಾಗ, 2023ರ ಕೊನೆಯಲ್ಲಿ, ನಮ್ಮ ನಾಲ್ಕು ಜನರ ಬ್ಯಾಚ್ ಚೌಕಾಬಾರ ಎಂಬ ಕವಡೆಯಾಟವನ್ನು ಗೇಮ್ ಮಾಡಲು ಕೂತಿತು. ಮೊದಲ ಎರಡು ವಾರ ಲ್ಯಾಪ್‌ಟಾಪ್ ಮುಂದೆ ಏನೇನೋ ಬರೆದೆವು. ಅದರಲ್ಲಿ ಒಂದು ಸಾಲೂ ಕೊನೆಯವರೆಗೆ ಉಳಿಯಲಿಲ್ಲ. ಮೂರನೇ ವಾರ ಪಿಜಿಯ ಟೆರೇಸಿನ ಮೇಲೆ ಐದು ಉದ್ದ, ಐದು ಅಡ್ಡ ಮನೆ ಗೀಚಿ, ನಾಲ್ಕು ಕವಡೆ ಹಿಡಿದು ಆಡಿದ ಮೇಲೆ ಕೆಲಸ ನಿಜವಾಗಿ ಶುರುವಾಯಿತು.

ಆಟ ಆರಿಸುವಾಗ ಒಂದು ಅಳತೆ ಇಟ್ಟುಕೊಳ್ಳಿ. ಗೇಮಿನ ಎಲ್ಲ ಪರದೆಗಳೂ ಒಂದು ಹಾಳೆಯ ಮೇಲೆ ಬರೆಯಲು ಸಾಧ್ಯವಾಗಬೇಕು. ಎರಡು ಸೆಮಿಸ್ಟರ್ ಇದೆ ಎನಿಸುತ್ತದೆ. ಆದರೆ ಇಂಟರ್ನಲ್ಸ್, ಪ್ಲೇಸ್‌ಮೆಂಟ್, ಊರಿನ ಹಬ್ಬ ಎಲ್ಲ ಕಳೆದರೆ ವಾರಕ್ಕೆ ಕೆಲವು ಗಂಟೆ ಸಿಕ್ಕಿದರೆ ಹೆಚ್ಚು. ದೊಡ್ಡ ಊರು, ಕಾರು, ಬಂದೂಕು ಇರುವ ಗೇಮ್ ನಾಲ್ಕು ಜನರಿಂದ ಆಗುವ ಮಾತಲ್ಲ. ಮನೆಯಾಟ ತೆಗೆದುಕೊಂಡರೆ ಇನ್ನೊಂದು ಲಾಭ ಇದೆ. ಆಟ ಚೆನ್ನಾಗಿದೆಯೋ ಇಲ್ಲವೋ ಎಂಬ ಪರೀಕ್ಷೆಯನ್ನು ನಮ್ಮಜ್ಜಿಯಂದಿರು ಯಾವತ್ತೋ ಮುಗಿಸಿದ್ದಾರೆ. ನೀವು ಅದನ್ನು ಗೇಮ್ ಮಾಡುವ ಕೆಲಸ ಕಲಿತರೆ ಸಾಕು.

ಟೆರೇಸಿನ ಮೇಲೆ ಅರ್ಧ ಗಂಟೆಯಲ್ಲಿ ಜಗಳ ಶುರುವಾಯಿತು. ನಮ್ಮ ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಚಿತ್ರದುರ್ಗದ ಗೆಳತಿಯ ಮನೆಯಲ್ಲಿ ಆ ಕಟ್ಟುಪಾಡೇ ಇಲ್ಲ. ಇನ್ನೊಬ್ಬನ ಮನೆಯಲ್ಲಿ ಮೂರು ಸಲ ಸಾಲಾಗಿ ಬಾರ, ಅಂದರೆ ಎಂಟು, ಬಿದ್ದರೆ ಆ ಸರದಿ ಲೆಕ್ಕಕ್ಕಿಲ್ಲ. ಇಂಥ ಜಗಳ ಆದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಂಪ್ಯೂಟರಿಗೆ "ಗೊತ್ತಲ್ವಾ, ಹಾಗೇ" ಎಂದರೆ ಅರ್ಥವಾಗುವುದಿಲ್ಲ. ನಮ್ಮ ನೋಟ್‌ಬುಕ್ಕಿನ ಆ ನಾಲ್ಕು ಪುಟವೇ ಸಿನಾಪ್ಸಿಸ್‌ನ, ಅಂದರೆ ಕಾಲೇಜಿಗೆ ಮೊದಲು ಕೊಡುವ ಪ್ರಾಜೆಕ್ಟ್ ಸಾರಾಂಶದ, ಅರ್ಧ ಭಾಗವಾಯಿತು. ಮನೆಯಿಂದ ಮನೆಗೆ ಬದಲಾಗುವ ನಿಯಮಗಳನ್ನು ಕೋಡಿನ ಮಧ್ಯೆ ಹುದುಗಿಸಬೇಡಿ. ಅವುಗಳಿಗೆ ಬೇರೆ ಫೈಲ್ ಮಾಡಿ, ಒಂದೊಂದಕ್ಕೂ ಆನ್-ಆಫ್ ಕೊಡಿ.

ಈಗ ಮಣೆ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಕಾಯಿ ಹಣ್ಣಾಗುವ, ಅಂದರೆ ಗುರಿ ಮುಟ್ಟುವ 1, ಒಟ್ಟು 25. ಕಾಯಿ ಹೊರಗೆ ಗಡಿಯಾರದ ಎದುರು ದಿಕ್ಕಿಗೆ ಸುತ್ತಿ, ಒಳಗೆ ಹೋದ ಮೇಲೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ನಮ್ಮಲ್ಲೊಬ್ಬ ನಾಲ್ಕು ಆಟಗಾರರಿಗೂ ಕಾಯಿ ಸಾಗುವ ಮನೆಗಳ ನಾಲ್ಕು ಪಟ್ಟಿ ಕೈಯಲ್ಲೇ ಬರೆದ. ಮೂರನೆಯ ಪಟ್ಟಿಯಲ್ಲಿ ಎರಡು ಮನೆ ಅದಲುಬದಲಾಗಿ, ಹಸಿರು ಕಾಯಿ ಹಿಂದಕ್ಕೆ ನೆಗೆದು ಮತ್ತೆ ಮುಂದೆ ಬರುತ್ತಿತ್ತು. ಅದನ್ನು ಹುಡುಕಲು ಒಂದು ಇಡೀ ಸಂಜೆ ಹೋಯಿತು. ಪಟ್ಟಿ ಒಂದೇ ಸಾಕು. ಕೆಳಗೆ ಕೂತವರ 25 ಮನೆಗಳನ್ನು ಬರೆಯಿರಿ. ಸಾಲು, ಕಂಬ ಎರಡನ್ನೂ 0ಯಿಂದ 4ರವರೆಗೆ ಎಣಿಸಿ. ಉಳಿದ ಮೂವರಿಗೆ ಮಣೆಯನ್ನು ಕಾಲು ಸುತ್ತು ತಿರುಗಿಸಿದರಾಯಿತು: 4ರಲ್ಲಿ ಸಾಲನ್ನು ಕಳೆದರೆ ಹೊಸ ಕಂಬ, ಹಳೆಯ ಕಂಬವೇ ಹೊಸ ಸಾಲು. ಕಾಯಿ ಎಲ್ಲಿದೆ ಎಂದು ನೆನಪಿಡಲು ಆಮೇಲೆ 0ಯಿಂದ 24ರವರೆಗಿನ ಒಂದು ಸಂಖ್ಯೆ ಸಾಕು.

ಕವಡೆಯಲ್ಲಿ ನಾವು ಮಾಡಿದ ತಪ್ಪನ್ನು ವಿವರವಾಗಿ ಹೇಳಬೇಕು. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು ಲೆಕ್ಕ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಬರುವುದು 1, 2, 3, 4, 8 ಐದೇ ತಾನೇ ಎಂದು ಆ ಐದರಲ್ಲಿ ಒಂದನ್ನು ಎತ್ತುವಂತೆ ಬರೆದೆವು. ರಜಕ್ಕೆ ಊರಿಗೆ ಹೋದಾಗ ಅಜ್ಜಿಗೆ ಫೋನಿನಲ್ಲಿ ಆಡಲು ಕೊಟ್ಟೆ. ಐದು ನಿಮಿಷ ಆಡಿ, "ಈ ಕವಡೆ ಸರಿಯಿಲ್ಲ ಕಣೆ, ಬರೀ ಬಾರ ಬೀಳ್ತಿದೆ" ಎಂದರು. ಅಜ್ಜಿಯ ಮಾತು ನೂರಕ್ಕೆ ನೂರು ಸರಿ. ನಮ್ಮ ಲೆಕ್ಕದಲ್ಲಿ ಐದರಲ್ಲಿ ಎರಡು ಸಲ ಚೌಕ ಅಥವಾ ಬಾರ ಬೀಳುತ್ತಿತ್ತು. ಒಬ್ಬರ ಸರದಿ ಮುಗಿಯುತ್ತಲೇ ಇರಲಿಲ್ಲ.

ನಾಲ್ಕು ಕವಡೆಯನ್ನೂ ಬೇರೆ ಬೇರೆಯಾಗಿ ಹಾಕಿಸಿ, ಆಮೇಲೆ ಎಣಿಸಿ. ಒಂದೊಂದು ಕವಡೆಯೂ ಅರ್ಧಕ್ಕರ್ಧ ಬೀಳುತ್ತದೆ ಎಂದುಕೊಂಡರೆ 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ 1 ಬರುವುದು ನಾಲ್ಕು ಬಗೆ, 2 ಆರು ಬಗೆ, 3 ನಾಲ್ಕು ಬಗೆ. ಚೌಕ ಒಂದು, ಬಾರ ಒಂದು. ಅಂದರೆ ಇನ್ನೊಂದು ಸಲ ಹಾಕುವ ಅವಕಾಶ ಸರಾಸರಿ ಎಂಟರಲ್ಲಿ ಒಂದು ಸಲ. ನಿಜವಾದ ಕವಡೆಗೆ ಒಂದು ಕಡೆ ಡುಬ್ಬ ಇರುತ್ತದೆ, ಹಾಗಾಗಿ ಅದು ಸರಿಯಾಗಿ ಅರ್ಧಕ್ಕರ್ಧ ಬೀಳುತ್ತದೆ ಎಂದು ನಂಬಬೇಡಿ. ನಿಮ್ಮ ಮನೆಯ ಕವಡೆಯನ್ನು ನೂರು ಸಲ ಹಾಕಿ ಬರೆದಿಟ್ಟುಕೊಂಡು, ಆ ಪ್ರಮಾಣವನ್ನು ನಿಯಮಗಳ ಫೈಲಿನಲ್ಲೇ ಇಡಿ. ನನಗೆ ಇಡೀ ಪ್ರಾಜೆಕ್ಟಿನಲ್ಲಿ ತುಂಬಾ ಇಷ್ಟವಾದ ಮಧ್ಯಾಹ್ನ ಅದೇ: ಅಜ್ಜಿ ಕವಡೆ ಹಾಕುವುದು, ನಾನು ಗೆರೆ ಎಳೆಯುವುದು.

ಯಾವ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಎಂದು ಎಲ್ಲರೂ ಕೇಳುತ್ತಾರೆ. ಇಷ್ಟು ಚಿಕ್ಕ ಆಟಕ್ಕೆ ಗೊಡಾಟ್ ಸಾಕು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರ ಭಾಷೆ ಜಿಡಿಸ್ಕ್ರಿಪ್ಟ್ ನೋಡಲು ಪೈಥಾನ್ ಹಾಗೇ ಇದೆ. ಆದರೆ ಕನ್ನಡದಲ್ಲಿ ಗೇಮ್ ಮಾಡುವವರು 4ನೇ ಆವೃತ್ತಿಯನ್ನೇ ಹಿಡಿಯಬೇಕು. ಹಳೆಯ ಟ್ಯುಟೋರಿಯಲ್ ನೋಡಿ ನಾವು 3ರಲ್ಲಿ ಶುರು ಮಾಡಿದ್ದೆವು. "ಹಣ್ಣು" ಎಂದು ಬರೆದರೆ "ಹಣ್‌ಣು" ಎಂದು ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿತ್ತು. 2023ರಲ್ಲಿ ಬಂದ 4.0ದಿಂದ ಅಕ್ಷರ ಸರಿಯಾಗಿ ಕೂಡುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಉಚಿತ, ಅದರ ಫೈಲನ್ನು ಪ್ರಾಜೆಕ್ಟಿನೊಳಗೇ ಹಾಕಿ. ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಂಡ ಕನ್ನಡ ಬ್ರೌಸರಿನಲ್ಲಿ ಬರೀ ಡಬ್ಬಗಳಾಗಬಹುದು. ಅಕ್ಷರಗಳು ಒಂದೊಂದಾಗಿ ಮೂಡುವ ಎಫೆಕ್ಟ್ ಹಾಕಿದರೆ ಲೇಬಲ್‌ನ (ಗೊಡಾಟ್‌ನಲ್ಲಿ ಪಠ್ಯ ತೋರಿಸುವ ಭಾಗ) ಸೆಟ್ಟಿಂಗಿನಲ್ಲಿ "ಆಫ್ಟರ್ ಶೇಪಿಂಗ್" ಆರಿಸಿ. ಮೊದಲೇ ಇರುವ ಆಯ್ಕೆಯಲ್ಲಿ ಬಿಟ್ಟರೆ "ಕ್ಷ" ಬರುವ ಮೊದಲು ಒಂಟಿ "ಕ" ಮಿನುಗಿ ಹೋಗುತ್ತದೆ. ನೋಡಲು ಕಣ್ಣಿಗೆ ಕಿರಿಕಿರಿ.

ಕೋಡ್ ಹಂಚಿಕೊಳ್ಳಲು ಪೆನ್‌ಡ್ರೈವ್ ಬೇಡ, ಜಿಪ್ ಫೈಲೂ ಬೇಡ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಅನ್ನು ಮೊದಲ ದಿನವೇ ಕಲಿಯಿರಿ. ಆದರೂ ಒಂದು ಅಪಾಯ ಇದೆ. ಮಣೆಯ ಸೀನ್ ಫೈಲನ್ನು (ಗೊಡಾಟ್‌ನಲ್ಲಿ ಗೇಮಿನ ಒಂದೊಂದು ಭಾಗವನ್ನು ಇಡುವ ಫೈಲ್) ನಾನೂ ಇನ್ನೊಬ್ಬಳೂ ಒಂದೇ ರಾತ್ರಿ ಬದಲಿಸಿದೆವು. ಎರಡನ್ನೂ ಸೇರಿಸಲು ಹೋದಾಗ ಸೀನ್ ತೆರೆಯಲೇ ಇಲ್ಲ, ರಿವ್ಯೂ ಮರುದಿನ ಬೆಳಿಗ್ಗೆ. ಆಮೇಲೆ ಮಣೆ, ಕಾಯಿ, ಕವಡೆ, ಮೆನು ಎಲ್ಲಕ್ಕೂ ಬೇರೆ ಬೇರೆ ಸೀನ್ ಮಾಡಿದೆವು. ಯಾವುದನ್ನಾದರೂ ಮುಟ್ಟುವ ಮೊದಲು ವಾಟ್ಸಾಪ್ ಗ್ರೂಪಿನಲ್ಲಿ "ಮಣೆ ನನ್ನ ಹತ್ರ ಇದೆ" ಎಂದು ಹಾಕುವುದು, ಮುಗಿದ ಮೇಲೆ "ಬಿಟ್ಟೆ" ಎನ್ನುವುದು. ಇಷ್ಟು ಮಾಡಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಕೆಲಸ ಹಂಚುವಾಗ ಒಬ್ಬರಿಗೆ ಕೋಡ್, ಮೂವರಿಗೆ ರಿಪೋರ್ಟ್ ಎಂದು ಮಾತ್ರ ಮಾಡಬೇಡಿ, ದಯವಿಟ್ಟು. ವೈವಾದಲ್ಲಿ ನಾಲ್ವರನ್ನೂ ಕೇಳುತ್ತಾರೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆ ಮೂವರು ಒಂದು ವರ್ಷ ಸುಮ್ನೆ ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ನಿಯಮ ಒಬ್ಬರು, ಕವಡೆ ಮತ್ತು ಚಲನೆ ಒಬ್ಬರು, ಮೆನು ಮತ್ತು ಸದ್ದು ಒಬ್ಬರು, ಬಿಲ್ಡ್ ಮತ್ತು ಟೆಸ್ಟಿಂಗ್ ಒಬ್ಬರು ನೋಡಿಕೊಂಡೆವು. ರಿಪೋರ್ಟನ್ನು ಅವರವರ ಭಾಗ ಅವರವರೇ ಬರೆದರು.

ಬಣ್ಣ, ಸಂಗೀತ ಎಲ್ಲ ಕೊನೆಗೆ. ಮೊದಲ ರಿವ್ಯೂಗೆ ಬರೀ ಚೌಕ ಮತ್ತು ಬೊಟ್ಟುಗಳಿರಲಿ, ಆದರೆ ಆಟ ಶುರುವಿನಿಂದ ಗೆಲ್ಲುವವರೆಗೆ ನಡೆಯಬೇಕು. ಗೈಡ್ "ಎಐ ಎಲ್ಲಿ?" ಎಂದರೆ ಗಾಬರಿ ಬೇಡ. ಎದುರಾಳಿ ಕಂಪ್ಯೂಟರ್‌ಗೆ ಮೂರು ಪ್ರಶ್ನೆ ಸಾಕು: ಕಡಿಯಲು ಆಗುತ್ತದಾ, ಕಟ್ಟೆಗೆ (ಯಾರೂ ಕಡಿಯಲಾಗದ ಮನೆಗೆ) ಸೇರಲು ಆಗುತ್ತದಾ, ಎರಡೂ ಇಲ್ಲದಿದ್ದರೆ ಯಾವ ಕಾಯಿ ಮುಂದಿದೆ. ಇಷ್ಟಕ್ಕೇ ಅದು ನಮ್ಮನ್ನು ಎಷ್ಟೋ ಸಲ ಸೋಲಿಸಿದೆ.

ಆಡಿಸಿ ನೋಡುವಾಗ ಬಾಯಿ ಬಿಡಬೇಡಿ. ಇದು ಕಷ್ಟ, ಆದರೂ ಮಾಡಿ. ಅಜ್ಜಿ "ಹಾಕು" ಎಂಬ ಬಟನ್ ನೋಡಲೇ ಇಲ್ಲ. ಬೆರಳನ್ನು ಕವಡೆಯ ಚಿತ್ರದ ಮೇಲಿಟ್ಟು ಮುಂದಕ್ಕೆ ತಳ್ಳಿದರು, ನೆಲದ ಮೇಲೆ ಹಾಕುವ ಹಾಗೆ. ಅವತ್ತೇ ಬಟನ್ ತೆಗೆದೆವು. ಕವಡೆಯನ್ನು ತಳ್ಳಿದರೆ ಬೀಳುವಂತೆ ಮಾಡಿದೆವು. ನಾನು ಪಕ್ಕದಲ್ಲಿ ಕೂತು "ಅಲ್ಲಿ ಒತ್ತಜ್ಜಿ" ಎಂದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಹೊರಗಿನವರಿಗೆ ಕೊಡಲು ಗೇಮ್ ಹಂಚುವ ವೆಬ್‌ಸೈಟ್ ಇಚ್ ಐಒ ಸುಲಭ. ವೆಬ್ ಎಕ್ಸ್‌ಪೋರ್ಟ್ ಮಾಡಿ ಹಾಕಿದರೆ ಲಿಂಕ್ ಒತ್ತಿದವರು ಬ್ರೌಸರಿನಲ್ಲೇ ಆಡಬಹುದು, ಖರ್ಚಿಲ್ಲ. ಪ್ಲೇ ಸ್ಟೋರಿಗೆ ಒಂದು ಸಲ 25 ಡಾಲರ್ ಕಟ್ಟಬೇಕು. ಪ್ರಾಜೆಕ್ಟ್ ಮುಗಿದ ಮೇಲೆ ನೋಡಿಕೊಳ್ಳಿ.

ಡೆಮೊ ದಿನ ಕಾಲೇಜಿನ ವೈಫೈ ನಂಬಿ ಹೋಗಬೇಡಿ. ಎರಡು ಲ್ಯಾಪ್‌ಟಾಪಿನಲ್ಲಿ ಗೇಮ್ ಇರಲಿ, ಫೋನಿನಲ್ಲಿ ಒಂದು ವೀಡಿಯೊ ಇರಲಿ. ಮೇಜಿನ ಮೇಲೆ ನಿಜವಾದ ಕವಡೆಯನ್ನೂ ಇಡಿ. ನಮ್ಮ ಎಕ್ಸ್‌ಟರ್ನಲ್ ಆಗಿ, ಅಂದರೆ ಹೊರಗಿನ ಪರೀಕ್ಷಕರಾಗಿ, ಬಂದವರು ಸ್ಕ್ರೀನ್ ನೋಡುವ ಮೊದಲು ಕವಡೆ ಎತ್ತಿಕೊಂಡರು. ಕೈಯಲ್ಲಿ ಕುಲುಕುತ್ತಾ, "ನಮ್ಮ ಕಡೆ ಮೂರು ಸಲ ಸಾಲಾಗಿ ಬಾರ ಬಿದ್ದರೆ ಲೆಕ್ಕ ಇಲ್ಲ. ನಿಮ್ಮದರಲ್ಲಿ ಹೇಗೆ?" ಎಂದರು. ಗೆಳತಿ ಸೆಟ್ಟಿಂಗ್ಸ್ ತೆರೆದು ಆ ನಿಯಮವನ್ನು ಆನ್ ಮಾಡಿ, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು. ಅವರು ಕುರ್ಚಿ ಎಳೆದುಕೊಂಡು ಆಡಲು ಕೂತರು.