ಎಣ್ಣೆಯ ಲೆಕ್ಕ ಮತ್ತು ಉಪ್ಪಿಲ್ಲದ ಚಟ್ನಿಪುಡಿ

ಹೃದಯ ಸೋತು (ಹೃದಯ ವೈಫಲ್ಯ) ಮೈತೂಕವೂ ಹೆಚ್ಚಿರುವವರಿಗೆ ಊಟದ ಕ್ರಮ ಬರೆದುಕೊಡಲು ಕೂತರೆ, ಧಾರವಾಡದ ಕಡೆಯ ಮನೆಯವರಿಂದ ಮೊದಲು ಬರುವ ಮಾತು ಒಂದೇ: "ಮೇಡಂ, ಎಣ್ಣಿ ಬಿಟ್ಟೇ ಬಿಟ್ಟೀವ್ರಿ." ಅದಕ್ಕೆ ನಾನು ಶಭಾಷ್ ಅನ್ನುವುದಿಲ್ಲ. ಎಣ್ಣೆ ಬಿಟ್ಟ ಮನೆಯಲ್ಲಿ ಎರಡಿದ್ದ ರೊಟ್ಟಿ ಮೂರಾಗಿರುತ್ತದೆ, ಅನ್ನ ಒಂದು ಸೌಟು ಏರಿರುತ್ತದೆ, ನಾಲಿಗೆಗೆ ರುಚಿ ಹತ್ತದೆ ಉಪ್ಪಿನಕಾಯಿ ತಟ್ಟೆಗೆ ಬಂದಿರುತ್ತದೆ. ಉಪ್ಪು ನೀರನ್ನು ಹಿಡಿದಿಡುತ್ತದೆ. ಆ ನೀರು ಕಾಲಲ್ಲಿ ಬಾವಾಗುತ್ತದೆ, ಎದೆಯಲ್ಲಿ ಏದುಸಿರಾಗುತ್ತದೆ. ಆದ್ದರಿಂದ ಕೊಬ್ಬನ್ನು ಪೂರ್ತಿ ತೆಗೆಸುವುದಿಲ್ಲ. ಅಳೆಸುತ್ತೇನೆ, ಒಳ್ಳೆಯದಕ್ಕೆ ಬದಲಿಸುತ್ತೇನೆ, ಉಪ್ಪಿನ ಸಂಗ ಬಿಡಿಸುತ್ತೇನೆ.

ಅಳತೆ ಶುರುವಾಗುವುದು ಕಿರಾಣಿ ಚೀಟಿಯಿಂದ. "ಎಷ್ಟು ಎಣ್ಣೆ ತಿಂತೀರಿ" ಎಂದು ಕೇಳಿದರೆ ಎಲ್ಲರೂ "ಸ್ವಲ್ಪ" ಅನ್ನುತ್ತಾರೆ. ತಿಂಗಳಿಗೆ ಎಷ್ಟು ಪಾಕೀಟು ಬರುತ್ತದೆ ಎಂದು ಕೇಳಬೇಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ. ನಾಲ್ವರ ಮನೆಗೆ 5 ಲೀಟರ್ ಹೋಗುತ್ತಿದ್ದರೆ ದಿನಕ್ಕೆ ತಲೆಗೆ 38 ಗ್ರಾಂ. ನಾನು ಇಡುವ ಗುರಿ 20 ಗ್ರಾಂ, ಅಂದರೆ ಆ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್‌ಗಿಂತ ತುಸು ಹೆಚ್ಚು. ತಿಂಗಳ ಮೊದಲ ದಿನ ಅಷ್ಟನ್ನೇ ಬೇರೆ ಡಬ್ಬಿಗೆ ಸುರಿದಿಡಿ ಅನ್ನುತ್ತೇನೆ. ಡಬ್ಬಿಯಿಂದ ನೇರ ಬಾಣಲೆಗೆ ಸುರಿಯುವ ರೂಢಿ ತಪ್ಪಬೇಕು. 5 ಮಿಲಿಯ ಅಳತೆ ಚಮಚದಲ್ಲಿ ನಾಲ್ಕೂವರೆ ಗ್ರಾಂ ಎಣ್ಣೆ ಹಿಡಿಯುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಚಮಚ.

ಎಷ್ಟೋ ಮನೆಗಳಲ್ಲಿ ತೊಂದರೆ ಎಣ್ಣೆಯಲ್ಲಿರುವುದಿಲ್ಲ, ಹಾಲಿನಲ್ಲಿರುತ್ತದೆ. ದಿನಕ್ಕೆ 1500 ಕ್ಯಾಲೊರಿಯ ಊಟದಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ಕೆನೆಯಲ್ಲಿ ಹೆಚ್ಚಿರುವ, ಹೃದಯಕ್ಕೆ ಒಳ್ಳೆಯದಲ್ಲದ ಕೊಬ್ಬು, ಕ್ಯಾಲೊರಿಯ ಶೇ. 7 ದಾಟಬಾರದು ಎಂದು ಹಿಡಿದರೆ ಸಿಗುವುದು 11-12 ಗ್ರಾಂ. ಶೇ. 6 ಕೊಬ್ಬಿನ ಗಟ್ಟಿ ಹಾಲು 200 ಮಿಲಿ ಕುಡಿದರೆ ಅದರಲ್ಲಿ ಏಳೆಂಟು ಗ್ರಾಂ ಮುಗಿಯಿತು. ಒಂದು ಚಮಚ ತುಪ್ಪದಲ್ಲಿ 3 ಗ್ರಾಂ. ಎಮ್ಮೆ ಹಾಲಿನ ಮನೆಯಾದರೆ ಕಾಯಿಸಿ, ಫ್ರಿಜ್ಜಿನಲ್ಲಿಟ್ಟು ಕೆನೆ ತೆಗೆದು, ಮತ್ತೆ ಕಾಯಿಸಿ ಇನ್ನೊಮ್ಮೆ ತೆಗೆಯಬೇಕು. ಆ ಕೆನೆ ಬೆಣ್ಣೆಯಾಗಿ, ತುಪ್ಪವಾಗಿ ರೋಗಿಯ ತಟ್ಟೆಗೇ ವಾಪಸು ಬರದಂತೆ ನೋಡಿಕೊಳ್ಳುವುದು ಬೇರೆ ಕೆಲಸ.

ಯಾವ ಎಣ್ಣೆ? ಶೇಂಗಾ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಏಕ ಅಸಂತೃಪ್ತ ಕೊಬ್ಬು, ಅಂದರೆ ಹೃದಯಕ್ಕೆ ಒಗ್ಗುವ ಅಸಂತೃಪ್ತ ಕೊಬ್ಬಿನ ಒಂದು ಬಗೆ. ಒಗ್ಗರಣೆಗೆ, ಪಲ್ಯಕ್ಕೆ ಅದು ಸಾಕು. ಕುಸುಬಿ ಎಣ್ಣೆ ಚಟ್ನಿಪುಡಿಗೆ ಹಸಿಯಾಗಿ ಹಾಕಿಕೊಳ್ಳಲು ಚೆಂದ, ಕರಿಯಲು ಬೇಡ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ಸುಮಾರು ಶೇ. 90, ಪಾಮ್ ಎಣ್ಣೆಯಲ್ಲಿ ಅರ್ಧ. ಆಲಿವ್ ಎಣ್ಣೆ ಬೇಕೇ ಎಂದು ಕೇಳುತ್ತಾರೆ. 2013ರಲ್ಲಿ ಪ್ರಕಟವಾಗಿ, ಲೋಪ ಸರಿಪಡಿಸಿ 2018ರಲ್ಲಿ ಮತ್ತೆ ಪ್ರಕಟವಾದ ಸ್ಪೇನಿನ ಪ್ರೆಡಿಮೆಡ್ ಪ್ರಯೋಗದಲ್ಲಿ ಆಲಿವ್ ಎಣ್ಣೆ ಅಥವಾ ದಿನಕ್ಕೆ 30 ಗ್ರಾಂ ಬಾದಾಮಿಯಂಥ ಬೀಜ ಸೇರಿಸಿದ ಮೆಡಿಟರೇನಿಯನ್ ಬಗೆಯ ಊಟದಿಂದ ಹೃದಯಾಘಾತ, ಪಾರ್ಶ್ವವಾಯುಗಳೆಲ್ಲ ಸೇರಿದ ಲೆಕ್ಕ ತಗ್ಗಿತು ನಿಜ. ಆದರೆ ಹೃದಯ ವೈಫಲ್ಯದ ಮಟ್ಟಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ದುಡ್ಡಿದ್ದವರು ಕೊಳ್ಳಲಿ. ಇಲ್ಲದವರು ಶೇಂಗಾದ ಮನೆಯಲ್ಲಿ ಕೂತು ಚಿಂತಿಸಬೇಕಿಲ್ಲ.

ಇನ್ನು ಚಟ್ನಿಪುಡಿ. ಅಸಂತೃಪ್ತ ಕೊಬ್ಬನ್ನು ತಟ್ಟೆಗೆ ತರಲು ಇದಕ್ಕಿಂತ ಸಲೀಸಾದ ದಾರಿ ನಮ್ಮ ಕಡೆ ಇಲ್ಲ. ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಕಟ್ಟು ಹಾಕಿದವರಿಗೆ ಇನ್ನೊಂದು ಅನುಕೂಲವೂ ಉಂಟು: ಸಾರು, ಮಜ್ಜಿಗೆ ನೀರಿನ ಲೆಕ್ಕಕ್ಕೆ ಬರುತ್ತವೆ, ಪುಡಿ ಬರುವುದಿಲ್ಲ.

ಶೇಂಗಾ 100 ಗ್ರಾಂ, ಅಗಸಿ 50 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ ಎಂಟು, ಬೆಳ್ಳುಳ್ಳಿ ಹತ್ತು ಎಸಳು, ಜೀರಿಗೆ ಒಂದು ಚಮಚ, ಕರಿಬೇವು ಒಂದು ಹಿಡಿ, ಅಡಿಕೆ ಗಾತ್ರದ ಒಣ ಹುಣಸೆ. ಉಪ್ಪು ಇಲ್ಲ, ಬೆಲ್ಲವೂ ಇಲ್ಲ. ಎಲ್ಲವನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ, ಎಣ್ಣೆಯಿಲ್ಲದೆ ಹುರಿಯಬೇಕು. ಅಗಸಿ ಚಟಪಟ ಸಿಡಿಯಲು ಶುರುವಾಗಿ ನಿಲ್ಲುವ ಹೊತ್ತಿಗೆ ಇಳಿಸಿ. ಇನ್ನೂ ಕಾದರೆ ಕಹಿ. ಬೆಳ್ಳುಳ್ಳಿಯನ್ನು ಜಜ್ಜಿ, ಹಸಿ ಪೂರ್ತಿ ಹೋಗುವ ತನಕ ಹುರಿಯಿರಿ, ಇಲ್ಲದಿದ್ದರೆ ಪುಡಿ ಮುದ್ದೆಗಟ್ಟಿ ಬೂಸಲು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಮಿಕ್ಸಿ. ಒಮ್ಮೆಲೇ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಅಂಟಾಗುತ್ತದೆ; ಮೂರು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಅಗಸಿ ಇಡಿಯಾಗಿ ಉಳಿದರೆ ಹೊಟ್ಟೆಯಿಂದ ಹಾಗೇ ಹೊರಬೀಳುತ್ತದೆ, ಅದರೊಳಗಿನ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಸಿಗುವುದಿಲ್ಲ. ಪುಡಿ ಮಾಡಿದ ಅಗಸಿ ಬೇಗ ಕಮಟುತ್ತದೆ, ಆದ್ದರಿಂದ ಫ್ರಿಜ್ಜಿನಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಿ.

10 ಗ್ರಾಂ ಪುಡಿಯಲ್ಲಿ ಸುಮಾರು 4 ಗ್ರಾಂ ಕೊಬ್ಬು. ದಿನಕ್ಕೆ 20 ಗ್ರಾಂ ತಿಂದರೆ ಸಸ್ಯಮೂಲದ ಒಮೆಗಾ-3 ಒಂದು ಗ್ರಾಂ ಆಸುಪಾಸು. ಇಷ್ಟು ತಿನ್ನುವವರು ಅರ್ಧ ರೊಟ್ಟಿಯನ್ನೋ ಒಂದು ಸೌಟು ಅನ್ನವನ್ನೋ ಬಿಡಲೇಬೇಕು, ಏಕೆಂದರೆ ಕೊಬ್ಬು ಒಳ್ಳೆಯದಾದರೂ ಗ್ರಾಂಗೆ 9 ಕ್ಯಾಲೊರಿಯೇ. ಎರಡು ಚಮಚ ಉಪ್ಪು ಹಾಕಿ ಇದೇ ಪುಡಿ ಮಾಡಿದರೆ 20 ಗ್ರಾಂನಲ್ಲಿ ಒಂದು ಗ್ರಾಂಗೂ ಮೀರಿದ ಉಪ್ಪು ಒಳಗೆ ಹೋಗುತ್ತದೆ. ಇಡೀ ದಿನಕ್ಕೆ ಇರುವುದೇ 5 ಗ್ರಾಂ. ಅಂಗಡಿಯ ಉಪ್ಪುಶೇಂಗಾ, ಮಸಾಲೆ ಗೋಡಂಬಿ ಬೇಡ ಅನ್ನುವುದೂ ಇದಕ್ಕೇ. ಉಪ್ಪಿಲ್ಲದ್ದು ಸಪ್ಪೆ ಅನ್ನುವವರು ಊಟಕ್ಕೆ ಕೂತಾಗ ಪುಡಿಯ ಮೇಲೆ ನಿಂಬೆ ಹಿಂಡಿಕೊಳ್ಳಲಿ. ಪೊಟ್ಯಾಶಿಯಂ ಇರುವ "ಕಡಿಮೆ ಸೋಡಿಯಂ ಉಪ್ಪು" ಮಾತ್ರ ವೈದ್ಯರನ್ನು ಕೇಳದೆ ಬಳಸಬಾರದು. ಪೊಟ್ಯಾಶಿಯಂ ಅನ್ನು ಮೈಯಲ್ಲೇ ಉಳಿಸುವ ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರಿಗೆ ರಕ್ತದ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು.

ಮೀನು ತಿನ್ನುವವರಿಗೆ ವಾರಕ್ಕೆ ಎರಡು ಸಲ ಬೂತಾಯಿ ಇಲ್ಲವೆ ಬಂಗುಡೆ, ತಾಜಾದ್ದು, ಕರಿಯದೆ. ಒಣಮೀನು ಉಪ್ಪಿನ ಗಣಿ. ಮೀನೆಣ್ಣೆ ಗುಳಿಗೆಯ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಹೃದಯ ವೈಫಲ್ಯದವರ ಮೇಲೆ ನಡೆದ 2008ರ ಇಟಲಿಯ ಗಿಸ್ಸಿ-ಎಚ್‌ಎಫ್ ಪ್ರಯೋಗದಲ್ಲಿ ದಿನಕ್ಕೆ ಒಂದು ಗ್ರಾಂ ತೆಗೆದುಕೊಂಡವರಲ್ಲಿ ಸಾವು ಶೇ. 27, ಉಳಿದವರಲ್ಲಿ ಶೇ. 29. ಲಾಭ ಇದೆ, ಸಣ್ಣದು. ಹೆಚ್ಚಿನ ಪ್ರಮಾಣದಲ್ಲಿ ಏಟ್ರಿಯಲ್ ಫೈಬ್ರಿಲೇಶನ್ ಎಂಬ ಅಡ್ಡಾದಿಡ್ಡಿ ಬಡಿತದ ಅಪಾಯ ಏರುತ್ತದೆ. ಹಾಗಾಗಿ ಅದನ್ನು ಹೃದ್ರೋಗ ತಜ್ಞರೇ ಬರೆಯಲಿ.

ಒಂದೇ ಹೊತ್ತಿಗೆ ಜಿಡ್ಡಿನ ದೊಡ್ಡ ಊಟ ಬೇಡ. ಕರುಳಿಗೂ ಬಾವು ಬಂದಿರುವವರಿಗೆ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ, ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ಇನ್ನೂ ತಡ ಮಾಡುತ್ತದೆ. ನಾಲ್ಕು ಚಮಚ ಎಣ್ಣೆಯನ್ನು ಮೂರು ಹೊತ್ತಿಗೆ ಹಂಚಿ.

ತೂಕ ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿಬಂದು, ಏನೂ ತಿನ್ನುವ ಮುಂಚೆ, ಒಂದೇ ಬಗೆಯ ಬಟ್ಟೆಯಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಬರೆಯಬೇಕು. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಶೇಂಗಾದ ತಪ್ಪಲ್ಲ. ಅಷ್ಟು ಬೇಗ ಅಷ್ಟು ಕೊಬ್ಬು ಮೈಗೆ ಹತ್ತುವುದಿಲ್ಲ. ಅದು ನೀರು. ಅಂದು ಊಟ ಕಡಿಮೆ ಮಾಡಿ ಕಾಯುತ್ತ ಕೂರದೆ ವೈದ್ಯರಿಗೆ ಫೋನ್ ಮಾಡಿ. ಹಾಗೆಯೇ ನೀರು ಇಳಿಸುವ ಮಾತ್ರೆ ಶುರುವಾದ ಮೊದಲ ವಾರ 4 ಕಿಲೋ ಇಳಿದರೂ ಬೊಜ್ಜು ಕರಗಿತೆಂದು ತಿಳಿಯಬೇಡಿ. ಎಣ್ಣೆಯ ಲೆಕ್ಕ ಫಲ ಕೊಟ್ಟಿತೇ ಎಂದು ನೋಡಲು, ಬಾವು ಇಳಿದು ತೂಕ ಒಂದು ಕಡೆ ನಿಂತ ದಿನದ ಅಂಕಿಗೆ ಕೆಂಪು ಗುರುತು ಹಾಕಿ, ಅಲ್ಲಿಂದ ತಿಂಗಳ ಲೆಕ್ಕ ಹಿಡಿಯಿರಿ.