ದಾಸವಾಳದ ಬಣ್ಣದಿಂದ ಕರೆಂಟು

ಗೋಡೆಗೆ ಹೊಡೆಯುವ ಬಿಳಿ ಪೇಂಟಿನಲ್ಲಿ ಇರುವ ಟೈಟಾನಿಯಂ ಡೈಆಕ್ಸೈಡ್‌ನಿಂದಲೇ ಸೋಲಾರ್ ಕೋಶ ಮಾಡಬಹುದು. ತೊಂದರೆ ಒಂದೇ. ಇದು ಹೀರುವುದು ಅತಿನೇರಳೆ ಕಿರಣವನ್ನು ಮಾತ್ರ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಸುಮಾರು 5. ಹಾಗಾಗಿ ಈ ಬಿಳಿ ಪುಡಿಗೊಂದು ಬಣ್ಣದ ಜೊತೆ ಬೇಕು. ಕಣ್ಣಿಗೆ ಕಾಣುವ ಬೆಳಕನ್ನು ಬಣ್ಣ ಹೀರಿ, ಪುಡಿಗೆ ಎಲೆಕ್ಟ್ರಾನ್ ದಾಟಿಸುತ್ತದೆ. 1991ರಲ್ಲಿ ವಿಜ್ಞಾನಿಗಳಾದ ಬ್ರಯಾನ್ ಒರೀಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ರುಥೇನಿಯಂ ಎಂಬ ಲೋಹವಿರುವ ಬಣ್ಣ ಸೇರಿಸಿ ಇದನ್ನು ಮಾಡಿ ತೋರಿಸಿದರು. ನಮಗೆ ಕೆಂಪು ದಾಸವಾಳ ಸಾಕು.

ಪೇಂಟಿನ ಪುಡಿ ಆಗುವುದಿಲ್ಲ, ಕಾಳು ದಪ್ಪ. ನ್ಯಾನೋ ಪುಡಿ ತನ್ನಿ. ಅದರ ಒಂದೇ ಗ್ರಾಮಿನ ಮೇಲ್ಮೈ ಸುಮಾರು 50 ಚದರ ಮೀಟರ್, ಅಂದರೆ 20–30ರ ಸೈಟಿಗಿಂತ ಸ್ವಲ್ಪ ಕಮ್ಮಿ! ಅಷ್ಟು ಜಾಗದಲ್ಲಿ ಬಣ್ಣ ಅಂಟಿಕೊಳ್ಳುತ್ತದೆ. ಮಾಸ್ಕ್ ಹಾಕಿಕೊಂಡು, ಪುಡಿಗೆ ವಿನೆಗರ್ ಸ್ವಲ್ಪಸ್ವಲ್ಪವೇ ಬಿಟ್ಟು ಕಲ್ಬತ್ತಿನಲ್ಲಿ ಅರೆಯಿರಿ. ದೋಸೆ ಹಿಟ್ಟಿನ ಹದ ಬರಬೇಕು. ಕೊನೆಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್.

ವಿದ್ಯುತ್ ಹರಿಯುವ ಲೇಪದ ಗಾಜು ಎರಡು ಬೇಕು. ಲೇಪ ಯಾವ ಬದಿಗಿದೆ ಅಂತ ಮಲ್ಟಿಮೀಟರ್ ಹೇಳುತ್ತದೆ. ಒಂದು ಗಾಜಿನ ಆ ಬದಿಯ ಅಂಚುಗಳಿಗೆ ಟೇಪ್ ಅಂಟಿಸಿ, ನಡುವೆ ಹಿಟ್ಟು ಸುರಿದು, ಗಾಜಿನ ಕಡ್ಡಿಯಿಂದ ಒಂದೇ ಸಲಕ್ಕೆ ಎಳೆಯಿರಿ. ಒಣಗಿದ ಮೇಲೆ ಟೇಪ್ ಕಿತ್ತು, ಲ್ಯಾಬಿನ ಕುಲುಮೆಯಲ್ಲಿ 450 ಡಿಗ್ರಿಗೆ ಅರ್ಧ ಗಂಟೆ ಸುಡಿ. ಕಾಳಿಗೆ ಕಾಳು ಬೆಸೆಯುವುದು ಇಲ್ಲೇ. ಇಲ್ಲದಿದ್ದರೆ ಕರೆಂಟಿಗೆ ದಾರಿಯಿಲ್ಲ. ಪದರ ಮೊದಲು ಕಂದು ಬಣ್ಣಕ್ಕೆ ತಿರುಗಿ ಮತ್ತೆ ಬೆಳ್ಳಗಾಗುತ್ತದೆ. ಅವಸರಕ್ಕೆ ಹೊರಗೆ ತೆಗೆಯಬೇಡಿ. ನನ್ನ ಮೊದಲ ಗಾಜು ಟಪ್ಪಂತ ಸೀಳಿತ್ತು.

ಆರಿದ ಗಾಜನ್ನು ದಾಸವಾಳದ ಎಸಳು ನೆನೆಸಿದ ನೀರಿನಲ್ಲಿ ಮುಳುಗಿಸಿ. ಬಿಳಿ ಮಾಯವಾಗುವವರೆಗೆ ಬಿಟ್ಟು, ತೊಳೆದು ಒಣಗಿಸಿ. ಇನ್ನೊಂದು ಗಾಜಿನ ಲೇಪದ ಮೇಲೆ ಪೆನ್ಸಿಲ್ ಸೀಸ ಚೆನ್ನಾಗಿ ಉಜ್ಜಿ. ಎರಡನ್ನೂ ಎದುರುಬದುರಾಗಿ, ತಂತಿಗೆ ಅಂಚು ಬಿಟ್ಟು, ಕ್ಲಿಪ್ ಹಾಕಿ. ನಡುವೆ ಅಯೋಡಿನ್–ಅಯೋಡೈಡ್ ದ್ರಾವಣದ ಎರಡು ಹನಿ ಬಿಡಿ. ಎಲೆಕ್ಟ್ರಾನ್ ಕಳೆದುಕೊಂಡ ಬಣ್ಣಕ್ಕೆ ಅದನ್ನು ವಾಪಸ್ ಕೊಡುವುದು ಇದೇ.

ಬಿಸಿಲಿಗೆ ಹಿಡಿದರೆ ಮೀಟರ್ 0.3–0.4 ವೋಲ್ಟ್ ತೋರಿಸಬಹುದು. ಎಲ್‌ಇಡಿ ಹತ್ತಲಿಲ್ಲ ಅಂತ ಬೇಜಾರಾಗಬೇಡಿ, ಕೆಂಪು ಎಲ್‌ಇಡಿಗೇ ಹತ್ತಿರಹತ್ತಿರ 2 ವೋಲ್ಟ್ ಬೇಕು.

ಬಣ್ಣ ಹಾಕದೆ ಸುಟ್ಟ ಗಾಜು ಉಳಿದಿದೆಯಾ? ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ತಿಳಿಯಾದ ನೀರನ್ನು ಎರಡು ತಟ್ಟೆಗೆ ಹಾಕಿ, ಒಂದರಲ್ಲಿ ಮಾತ್ರ ಗಾಜಿಟ್ಟು ಬಿಸಿಲಿಗಿಡಿ. ಗಾಜಿರುವ ತಟ್ಟೆಯ ನೀಲಿ ಬೇಗ ಮಾಸುತ್ತದೆ. ಅತಿನೇರಳೆ ಕಿರಣ ಬಿದ್ದರೆ ಪುಡಿ ಬಣ್ಣವನ್ನೇ ಒಡೆದುಹಾಕುತ್ತದೆ. ನಿಮ್ಮ ದಾಸವಾಳದ ಕೋಶ ದಿನ ಕಳೆದಂತೆ ಸಪ್ಪೆಯಾಗಲು ಇದೂ ಒಂದು ಕಾರಣ.